ಪಿಕ್ ಅಪ್: ಒಂದೇ ಮಾತು, ಹತ್ತಾರು ಅರ್ಥ. ಪಟ್ಟಿ ಬಾಯಿಪಾಠ ಮಾಡದೆ ಕಲಿಯೋದು ಹೇಗೆ?

ಇಂಗ್ಲಿಷ್ ಬರಲ್ಲ ಅನ್ನುವವರಿಗೂ ದಾವಣಗೆರೆಯಲ್ಲಿ ಪಿಕಪ್ ಅಂದರೆ ಗೊತ್ತು. ಎಪಿಎಂಸಿ ಹತ್ತಿರ ಮೆಕ್ಕೆಜೋಳದ ಚೀಲ ಹೇರಿಕೊಂಡು ನಿಂತಿರೋದು ಪಿಕಪ್ ಗಾಡಿ. ಗ್ಯಾರೇಜಿಗೆ ಬೈಕ್ ತಂದವನು "ಅಣ್ಣಾ, ಗಾಡಿ ಪಿಕಪ್ಪೇ ತಗೊಳ್ತಿಲ್ಲ" ಅಂತಾನೆ. ಬೆಂಗಳೂರಲ್ಲಿ ರೈಲು ಹತ್ತಿದ ಮಗಳು ಫೋನ್ ಮಾಡಿ "ಅಪ್ಪಾ, ಸ್ಟೇಷನ್ನಿಗೆ ಪಿಕಪ್ ಮಾಡೋಕೆ ಬಾ" ಅಂತಾಳೆ. ಮೂರೂ ಬೇರೆ ಬೇರೆ ಅರ್ಥ, ಆದರೂ ಯಾರಿಗೂ ಗೊಂದಲ ಆಗಲ್ಲ.

ಗೊಂದಲ ಶುರುವಾಗೋದು ಅದೇ ಮಾತು ಪೂರ್ತಿ ಇಂಗ್ಲಿಷ್ ವಾಕ್ಯದೊಳಗೆ ಬಂದಾಗ. "ಸೇಲ್ಸ್ ಆರ್ ಪಿಕಿಂಗ್ ಅಪ್" ಅಂದರೆ ಯಾರು ಏನನ್ನು ಎತ್ತುತ್ತಿದ್ದಾರೆ? "ಐ ಪಿಕ್ಡ್ ಅಪ್ ತೆಲುಗು ಇನ್ ದ ಮಾರ್ಕೆಟ್" ಅಂದರೆ ಮಾರ್ಕೆಟ್ಟಿನಲ್ಲಿ ತೆಲುಗು ಮಾರುತ್ತಾರಾ? ವಿದ್ಯಾನಗರದ ಪಿಜಿಗಳಲ್ಲಿ ಕೂತು ಇಂಟರ್‌ವ್ಯೂಗೆ ತಯಾರಾಗುವ ಹುಡುಗ ಹುಡುಗಿಯರು ಇಲ್ಲಿ ಮಾಡೋದು ಒಂದೇ ಕೆಲಸ. ಎಲ್ಲಿಂದಲೋ ಒಂದು ಪಟ್ಟಿ ಡೌನ್‌ಲೋಡ್ ಮಾಡಿ, ಒಂದು ಅರ್ಥ, ಎರಡು ಅರ್ಥ ಅಂತ ಉರು ಹೊಡೆಯೋದು. ಇದು ಸುಮ್ನೆ ಟೈಮ್ ವೇಸ್ಟ್ ಅಂತ ನನ್ನ ಅನಿಸಿಕೆ, ಯಾಕಂದ್ರೆ ಮಾತಾಡುವಾಗ ತಲೆಯೊಳಗೆ ಪಟ್ಟಿ ಹುಡುಕೋಕೆ ಪುರುಸೊತ್ತು ಎಲ್ಲಿರುತ್ತೆ? ವಾಕ್ಯವನ್ನೇ ನೋಡಿ ಅರ್ಥ ಹಿಡಿಯೋದು ಕಲಿತರೆ ಪಟ್ಟಿ ಬೇಕಾಗೋದೇ ಇಲ್ಲ.

ಇದು ನಮಗೆ ಹೊಸದೂ ಅಲ್ಲ. ಕನ್ನಡದ 'ಎತ್ತು' ನೋಡಿ. ಚೀಲ ಎತ್ತುತ್ತೇವೆ, ಫೋನ್ ಎತ್ತುತ್ತೇವೆ, ಚೀಟಿ ಎತ್ತುತ್ತೇವೆ, ಮೀಟಿಂಗಿನಲ್ಲಿ ಪ್ರಶ್ನೆ ಎತ್ತುತ್ತೇವೆ. ಅಣ್ಣತಮ್ಮಂದಿರನ್ನು ಒಬ್ಬರ ಮೇಲೊಬ್ಬರನ್ನು ಎತ್ತಿಕಟ್ಟುವವರೂ ಇರುತ್ತಾರೆ. ಮಾಡಿದ ಉಪಕಾರವನ್ನು ಎತ್ತಿ ಆಡುವವರೂ ಇರುತ್ತಾರೆ. ಇದನ್ನೆಲ್ಲ ಯಾರೂ ಪಟ್ಟಿ ಮಾಡಿ ಕಲಿಸಲಿಲ್ಲ. ಏನನ್ನು ಎತ್ತಿದರು ಅನ್ನೋದರ ಮೇಲೆ ಅರ್ಥ ತಾನಾಗೇ ಬಂತು. ಪಿಕ್ ಅಪ್ ಕೂಡ ಹಾಗೇ.

ಹೆಜ್ಜೆ 1: 'ಅಪ್' ಇದೆಯಾ ಇಲ್ಲವಾ ನೋಡಿ

ಇಂಗ್ಲಿಷಿನಲ್ಲಿ ಬರೀ 'ಪಿಕ್' ಅಂದರೆ ಆರಿಸು, ಇಲ್ಲವೇ ಕೀಳು, ಬಿಡಿಸು. ಚಿತ್ರದುರ್ಗದ ಕಡೆ ಹೊಲದಲ್ಲಿ ಹತ್ತಿ ಬಿಡಿಸೋದು 'ಪಿಕಿಂಗ್ ಕಾಟನ್'. ಬಿಡಿಸಿದ ಹತ್ತಿ ನೆಲಕ್ಕೆ ಚೆಲ್ಲಿದೆ, ಅದನ್ನು ಬಾಚಿ ಎತ್ತಿಕೊಳ್ಳಬೇಕು ಅಂದರೆ ಆಗ 'ಪಿಕಿಂಗ್ ಅಪ್ ದ ಕಾಟನ್'. ಗಿಡದಿಂದ ಹೂ ಕಿತ್ತರೆ 'ಪಿಕ್ ಫ್ಲವರ್ಸ್'. ಮನೆಗೆ ಬರುವಾಗ ಅಂಗಡಿಯಲ್ಲಿ ಒಂದು ಮೊಳ ಹೂ ತಗೊಂಡು ಬಂದರೆ 'ಪಿಕ್ ಅಪ್ ಸಮ್ ಫ್ಲವರ್ಸ್'. ಒಂದು ಸಣ್ಣ 'ಅಪ್' ಸೇರಿದ್ದಕ್ಕೆ ಕೆಲಸವೇ ಬದಲಾಯಿತು.

ನಮ್ಮ ಕಡೆ ಜಾಸ್ತಿ ತಪ್ಪಾಗೋದು ಇಲ್ಲೇ. ಸ್ಕೂಲ್ ವ್ಯಾನುಗಳವರು 'ಪಿಕ್ ಅಂಡ್ ಡ್ರಾಪ್' ಅಂತ ಹೇಳಿ ಹೇಳಿ ನಮ್ಮ ಬಾಯಲ್ಲಿ 'ಅಪ್' ಮಾಯವಾಗಿದೆ. "ವಿಲ್ ಯೂ ಪಿಕ್ ಮಿ?" ಅಂತ ಹೊರದೇಶದ ಕ್ಲೈಂಟಿಗೆ ಕೇಳಿದರೆ ಅವನಿಗೆ ಕೇಳಿಸೋದು "ನನ್ನನ್ನು ಆಯ್ಕೆ ಮಾಡ್ತೀರಾ?" ಅಂತ. ಏರ್‌ಪೋರ್ಟಿನಿಂದ ಕರೆದುಕೊಂಡು ಹೋಗಬೇಕಾದರೆ "ವಿಲ್ ಯೂ ಪಿಕ್ ಮಿ ಅಪ್?" ಅನ್ನಬೇಕು. ಇಳಿಸೋದಕ್ಕೆ 'ಡ್ರಾಪ್ ಮಿ ಆಫ್'. ಊರೊಳಗೆ ಪಿಕ್ ಅಂಡ್ ಡ್ರಾಪ್ ಅಂದರೂ ನಡೆಯುತ್ತೆ, ಎಲ್ಲರಿಗೂ ಅರ್ಥವಾಗುತ್ತೆ, ಅದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ. ಆದರೆ ಕಾಲ್ ಸೆಂಟರ್ ಕೆಲಸಕ್ಕೆ ಹೋಗುವವರು 'ಅಪ್' ಮತ್ತು 'ಆಫ್' ಬಿಡಬೇಡಿ.

ಹೆಜ್ಜೆ 2: 'ಏನನ್ನು?' ಅಂತ ಕೇಳಿ

ಇಡೀ ವಿಷಯದಲ್ಲಿ ಮುಖ್ಯವಾದ ಹೆಜ್ಜೆ ಇದೇ. ಪಿಕ್ ಅಪ್ ಕಂಡ ಕೂಡಲೇ "ಏನನ್ನು ಪಿಕ್ ಅಪ್ ಮಾಡಿದ್ದು? ಯಾರನ್ನು?" ಅಂತ ಕೇಳಿ. ವಾಕ್ಯದಲ್ಲಿ ಉತ್ತರ ಸಿಕ್ಕರೆ ಮುಂದಿನ ಹೆಜ್ಜೆಗೆ ಹೋಗಿ. ಉತ್ತರ ಸಿಗದಿದ್ದರೆ ಹೆಚ್ಚಿನ ಸಲ ಅರ್ಥ ಒಂದೇ: ಮಂಕಾಗಿದ್ದದ್ದು ಚುರುಕಾಯಿತು, ಇಳಿದದ್ದು ಚೇತರಿಸಿಕೊಂಡಿತು.

"ಬಿಸಿನೆಸ್ ಈಸ್ ಪಿಕಿಂಗ್ ಅಪ್" ಅಂದರೆ ವ್ಯಾಪಾರ ಕುದುರುತ್ತಿದೆ. ಆಷಾಢದಲ್ಲಿ ನೊಣ ಹೊಡೆಯುತ್ತಿದ್ದ ಬಟ್ಟೆ ಅಂಗಡಿಯವರು ಶ್ರಾವಣದಲ್ಲಿ ಹೇಳುವ ಮಾತು ಇದು. "ದ ವಿಂಡ್ ಪಿಕ್ಸ್ ಅಪ್ ಇನ್ ಜೂನ್" ಅಂದರೆ ಜೂನ್‌ನಲ್ಲಿ ಗಾಳಿ ಜೋರಾಗುತ್ತೆ. ಚಿತ್ರದುರ್ಗದ ಗುಡ್ಡಗಳ ಮೇಲೆ ನಿಂತಿರುವ ಗಾಳಿಯಂತ್ರಗಳನ್ನು ಮುಂಗಾರಿನಲ್ಲಿ ನೋಡಿದವರಿಗೆ ಈ ವಾಕ್ಯ ಬಿಡಿಸಿ ಹೇಳಬೇಕಾಗಿಲ್ಲ.

ಇಲ್ಲಿ ಒಂದು ಸೂಕ್ಷ್ಮ ಇದೆ. ಏರಿದ್ದಕ್ಕೆಲ್ಲ ಪಿಕ್ ಅಪ್ ಅನ್ನೋಕಾಗಲ್ಲ. ಈರುಳ್ಳಿ ರೇಟು ನಿನ್ನೆಗಿಂತ ಇವತ್ತು ಜಾಸ್ತಿ ಅಂತಷ್ಟೇ ಹೇಳಬೇಕಾದರೆ 'ಗಾನ್ ಅಪ್' ಸಾಕು. ರೇಟು ನೆಲ ಕಚ್ಚಿ, ರೈತರು ಈರುಳ್ಳಿ ರಸ್ತೆಗೆ ಸುರಿಯುವ ಹಂತಕ್ಕೆ ಬಂದು, ಆಮೇಲೆ ನಿಧಾನಕ್ಕೆ ಚೇತರಿಸಿಕೊಂಡರೆ ಅದು 'ಪಿಕ್ಡ್ ಅಪ್'. ಹಾಗಾಗಿ ಮೊದಲಿಂದಲೂ ಚೆನ್ನಾಗೇ ನಡೆಯುತ್ತಿರುವ ಅಂಗಡಿಯವರಿಗೆ "ಯುವರ್ ಬಿಸಿನೆಸ್ ಹ್ಯಾಸ್ ಪಿಕ್ಡ್ ಅಪ್" ಅಂದರೆ, ಹಿಂದೆ ಡಲ್ ಇತ್ತು ಅಂತ ಹೇಳಿದ ಹಾಗಾಗುತ್ತೆ. ಹೊಗಳೋಕೆ ಹೋಗಿ ಚುಚ್ಚಿದ ಲೆಕ್ಕ.

'ಏನನ್ನು' ಅನ್ನೋದಕ್ಕೆ ಉತ್ತರ ಇಲ್ಲದಿದ್ದರೂ ಈ ಅರ್ಥ ಬರದ ಜಾಗ ಫೋನ್. "ಐ ಕಾಲ್ಡ್, ಬಟ್ ಹಿ ಡಿಡಂಟ್ ಪಿಕ್ ಅಪ್" ಅಂದರೆ ಅವನು ಚೇತರಿಸಿಕೊಳ್ಳಲಿಲ್ಲ ಅಂತಲ್ಲ, ಫೋನ್ ಎತ್ತಲಿಲ್ಲ ಅಂತ. ಫೋನ್ ಅನ್ನೋ ಪದ ಎಲ್ಲರಿಗೂ ಗೊತ್ತಿದ್ದದ್ದೇ ಅಂತ ಬಿಟ್ಟುಬಿಟ್ಟಿದ್ದಾರೆ. ನಾವೂ "ಎಷ್ಟು ಸಲ ಮಾಡಿದರೂ ಎತ್ತಲೇ ಇಲ್ಲ" ಅಂತೀವಲ್ಲ, ಅದೇ ರೀತಿ. ಈಗಿನ ಫೋನಿನಲ್ಲಿ ಎತ್ತೋದಕ್ಕೆ ರಿಸೀವರ್ ಇಲ್ಲದಿದ್ದರೂ ಎರಡು ಭಾಷೆಯಲ್ಲೂ ಮಾತು ಹಾಗೇ ಉಳಿದುಕೊಂಡಿದೆ.

ಹೆಜ್ಜೆ 3: ಸಿಕ್ಕ ಉತ್ತರ ಯಾವ ಜಾತಿಯದು?

'ಏನನ್ನು' ಅನ್ನೋದಕ್ಕೆ ಉತ್ತರ ಸಿಕ್ಕಿತು ಅಂತಿಟ್ಟುಕೊಳ್ಳಿ. ಅದು ವಸ್ತುವೋ, ಮನುಷ್ಯನೋ, ವಿದ್ಯೆಯೋ, ಕಾಯಿಲೆಯೋ, ಬಿಲ್ಲೋ ನೋಡಿ. ಬೇರಿನ ಅರ್ಥ ಎಲ್ಲ ಕಡೆ ಒಂದೇ: ಅಲ್ಲೆಲ್ಲೋ ಇದ್ದದ್ದು ನನ್ನ ಹತ್ತಿರ ಬಂತು. ಹೇಗೆ ಬಂತು ಅನ್ನೋದು ಮಾತ್ರ ಬದಲಾಗುತ್ತೆ.

ವಸ್ತು ಆದರೆ ಸುಲಭ. ನೆಲದಲ್ಲಿದ್ದರೆ ಎತ್ತಿಕೊಳ್ಳೋದು. ಅಂಗಡಿಯಲ್ಲಿದ್ದರೆ ಹೋಗ್ತಾ ಬರ್ತಾ ತಗೊಂಡು ಬರೋದು. "ಪಿಕ್ ಅಪ್ ಸಮ್ ಮಂಡಕ್ಕಿ ಆನ್ ಯುವರ್ ವೇ ಹೋಮ್" ಅಂದರೆ ಅದಕ್ಕಂತಲೇ ಹೋಗೋದು ಬೇಡ, ಹೇಗೂ ಆ ದಾರೀಲಿ ಬರ್ತೀಯಲ್ಲ, ಹಾಗೇ ಕಟ್ಟಿಸಿಕೊಂಡು ಬಾ ಅಂತ. ಫ್ರಿಜ್ಜು, ಸೈಟು, ಮದುವೆ ಸೀರೆ ತರೋದಕ್ಕೆ 'ಬೈ' ಅನ್ನೋದೇ ಸರಿ. ಮೊದಲೇ ಕೊಟ್ಟಿಟ್ಟ ವಸ್ತು ಆದರೆ ಇನ್ನೊಂದು ಅರ್ಥ. ಟೈಲರ್ ಹತ್ತಿರ ಹೊಲಿಯೋಕೆ ಕೊಟ್ಟ ಬ್ಲೌಸ್, ಲ್ಯಾಬಿನಲ್ಲಿ ರೆಡಿ ಇರುವ ರಿಪೋರ್ಟ್, ಕೊರಿಯರ್ ಆಫೀಸಿನ ಪಾರ್ಸೆಲ್, ಇವನ್ನೆಲ್ಲ ಹೋಗಿ ಇಸ್ಕೊಂಡು ಬರೋದೂ ಪಿಕ್ ಅಪ್ಪೇ.

ಮನುಷ್ಯರಾದರೆ ಹುಷಾರು. ಮಗು ಆದರೆ ಎತ್ತಿಕೊಳ್ಳೋದು, ಇಲ್ಲವೇ ಸ್ಕೂಲಿಂದ ಕರ್ಕೊಂಡು ಬರೋದು. ದೊಡ್ಡವರಾದರೆ ಗಾಡಿಯಲ್ಲಿ ಹತ್ತಿಸಿಕೊಳ್ಳೋದು: "ಐ ವಿಲ್ ಪಿಕ್ ಯೂ ಅಪ್ ಅಟ್ ದ ಬಸ್ ಸ್ಟ್ಯಾಂಡ್." ಮಾಡುವವರು ಪೊಲೀಸರಾದರೆ ಹಿಡಿದುಕೊಂಡು ಹೋಗೋದು. "ಹಿ ವಾಸ್ ಪಿಕ್ಡ್ ಅಪ್ ಲಾಸ್ಟ್ ನೈಟ್" ಅಂತ ಪೇಪರಿನಲ್ಲಿ ಓದಿದರೆ ಯಾರೋ ಪ್ರೀತಿಯಿಂದ ಕರ್ಕೊಂಡು ಹೋದರು ಅಂದ್ಕೋಬೇಡಿ. ಇನ್ನೊಂದು ಅರ್ಥ ಯಾವ ಕ್ಲಾಸಿನಲ್ಲೂ ಹೇಳಿಕೊಡಲ್ಲ. ಪಾರ್ಟಿಯಲ್ಲೋ ಬಾರಿನಲ್ಲೋ ಪರಿಚಯ ಇಲ್ಲದವರ ಜೊತೆ ಚೆಲ್ಲಾಟಕ್ಕೆ ಮಾತು ಶುರು ಮಾಡಿ ಒಲಿಸಿಕೊಳ್ಳೋದಕ್ಕೂ ಇದೇ ಪದ. ಹಾಗಾಗಿ "ಐ ಪಿಕ್ಡ್ ಅಪ್ ಎ ಗರ್ಲ್" ಅಂತ ಅರ್ಧಕ್ಕೆ ನಿಲ್ಲಿಸಬೇಡಿ. 'ಮೈ ಸಿಸ್ಟರ್ ಫ್ರಮ್ ದ ಸ್ಟೇಷನ್' ಅಂತ ಯಾರನ್ನು, ಎಲ್ಲಿಂದ ಅನ್ನೋದನ್ನು ಪೂರ್ತಿ ಹೇಳಿ.

ವಿದ್ಯೆ, ಭಾಷೆ, ಅಭ್ಯಾಸ ಆದರೆ, ಯಾರೂ ಕೂರಿಸಿ ಕಲಿಸದೆ ನೋಡಿ, ಕೇಳಿ, ಒಡನಾಡಿ ಬಂದದ್ದು ಅಂತ. ಚಳ್ಳಕೆರೆ, ಮೊಳಕಾಲ್ಮೂರು ಕಡೆಯವರಲ್ಲಿ ಎಷ್ಟೋ ಜನ ತೆಲುಗು ಕಲಿತದ್ದು ಹೀಗೇ. ಆಂಧ್ರದ ಗಡಿ ಪಕ್ಕದಲ್ಲೇ ಇದೆ, ಸಂತೆಗೆ ಬರುವವರು ಮಾತಾಡ್ತಾರೆ, ಕಿವಿ ತಾನಾಗೇ ಪಳಗುತ್ತೆ. ಅವರು "ಐ ಪಿಕ್ಡ್ ಅಪ್ ತೆಲುಗು" ಅನ್ನಬಹುದು. ಇಂಟರ್‌ವ್ಯೂಗೆ ಹೋಗುವವರು ಇದನ್ನು ಗಮನಿಸಬೇಕು. ದುಡ್ಡು ಕಟ್ಟಿ ಟ್ಯಾಲಿ (ಕಂಪ್ಯೂಟರಿನಲ್ಲಿ ಲೆಕ್ಕಪತ್ರ ಬರೆಯುವ ಸಾಫ್ಟ್‌ವೇರ್) ಕೋರ್ಸ್ ಮುಗಿಸಿ, ಸರ್ಟಿಫಿಕೇಟ್ ಕೈಲಿ ಹಿಡಿದುಕೊಂಡು "ಐ ಪಿಕ್ಡ್ ಅಪ್ ಟ್ಯಾಲಿ" ಅಂದರೆ, ಎಲ್ಲೋ ಆಫೀಸಿನಲ್ಲಿ ನೋಡ್ಕೊಂಡು ಅಷ್ಟಿಷ್ಟು ಕಲಿತಿದ್ದಾನೆ ಅಂತ ಎದುರಿಗಿದ್ದವರು ತಿಳಿಯಬಹುದು. ಅಲ್ಲಿ 'ಐ ಡಿಡ್ ಎ ಕೋರ್ಸ್' ಅನ್ನಿ. ಅದೇ, ಅಂಗಡಿಯಲ್ಲಿ ಲೆಕ್ಕ ಬರೀತಾ ಬರೀತಾ ಕಲಿತಿದ್ದರೆ 'ಪಿಕ್ಡ್ ಇಟ್ ಅಪ್ ಆನ್ ದ ಜಾಬ್' ಅನ್ನೋದು ಒಳ್ಳೇ ಮಾತೇ. ಚುರುಕು ಹುಡುಗ ಅಂತಾರೆ.

ಕಾಯಿಲೆ ಆದರೆ ಎಲ್ಲಿಂದಲೋ ಅಂಟಿಸಿಕೊಂಡು ಬಂದದ್ದು. ನೆಗಡಿ, ಫ್ಲೂ, ಇನ್‌ಫೆಕ್ಷನ್ ಇವಕ್ಕೆ ಹೊಂದುತ್ತೆ. ಶುಗರ್, ಬಿಪಿ, ಹಾರ್ಟಿನ ತೊಂದರೆಗೆ ಹೊಂದಲ್ಲ, ಅವು ಅಂಟುವಂಥವಲ್ಲವಲ್ಲ.

ಸಿಗ್ನಲ್, ಸದ್ದು, ವಾಸನೆ ಆದರೆ ಹಿಡಿಯೋದು. ರೇಡಿಯೋ ಚಿತ್ರದುರ್ಗ ಆಕಾಶವಾಣಿಯನ್ನು ಹಿಡಿದರೆ ಪಿಕ್ ಅಪ್. ಆನ್‌ಲೈನ್ ಕ್ಲಾಸಿನಲ್ಲಿ ನಿಮ್ಮ ಮೈಕು ಪಕ್ಕದ ಮನೆ ಕುಕ್ಕರ್ ವಿಷಲ್ ಹಿಡಿದರೂ ಪಿಕ್ ಅಪ್. ನಾಯಿ ಕಳ್ಳನ ವಾಸನೆ ಹಿಡಿದರೂ ಅದೇ. ಇಲ್ಲೆಲ್ಲ ಕನ್ನಡದಲ್ಲಿ 'ಹಿಡಿ' ಹಾಕಿ ನೋಡಿ, ಸರಿಯಾಗಿ ಕೂರುತ್ತೆ.

ವೇಗ ಆದರೆ ಏರಿಸಿಕೊಳ್ಳೋದು. ಚಿಕ್ಕಜಾಜೂರು ಜಂಕ್ಷನ್ ಬಿಟ್ಟ ರೈಲು ಸ್ವಲ್ಪ ಹೊತ್ತಿಗೆ 'ಪಿಕ್ಸ್ ಅಪ್ ಸ್ಪೀಡ್'. ಬೈಕಿನ ಪಿಕಪ್ ಅಂತ ನಾವು ಹೇಳೋದು ಇದರಿಂದಲೇ ಬಂದದ್ದು.

ಬಿಲ್ ಆದರೆ ಕೊಡೋದು. ನಾಲ್ಕು ಜನ ಬೆಣ್ಣೆ ದೋಸೆ ತಿಂದು ಎದ್ದಾಗ "ಐ ವಿಲ್ ಪಿಕ್ ಅಪ್ ದ ಬಿಲ್" ಅಂದವನು ಬಿಲ್ ಚೀಟಿಯನ್ನು ಟೇಬಲ್ಲಿಂದ ಎತ್ತಿ ಪಕ್ಕದವನ ಕೈಗೆ ಕೊಟ್ಟು ಹೋಗೋ ಹಾಗಿಲ್ಲ, ಎಲ್ಲರ ದುಡ್ಡೂ ಅವನದೇ. ಗೊತ್ತಿಲ್ಲದೆ ಆಡಿದರೆ ಜೇಬಿಗೆ ಕತ್ತರಿ.

ಇನ್ನು ಅರ್ಧಕ್ಕೆ ನಿಂತ ಕೆಲಸ ಅಥವಾ ಮಾತು. "ಲೆಟ್ ಅಸ್ ಪಿಕ್ ಅಪ್ ವೇರ್ ವಿ ಲೆಫ್ಟ್ ಆಫ್" ಅಂದರೆ ಎಲ್ಲಿಗೆ ಬಿಟ್ಟಿದ್ದೆವೋ ಅಲ್ಲಿಂದ ಮುಂದುವರಿಸೋಣ. ಮೇಷ್ಟ್ರುಗಳಿಗೆ ದಿನಾ ಬೇಕಾಗುವ ವಾಕ್ಯ. ಇಲ್ಲಿ 'ವೇರ್' ಕಂಡರೆ ಸಾಕು, ಬೇರೆ ಅರ್ಥಗಳನ್ನೆಲ್ಲ ಮರೆತುಬಿಡಿ.

ಹೆಜ್ಜೆ 4: 'ಅಪ್' ಆದ ಮೇಲೆ ಬಾಲ ಇದೆಯಾ?

'ಪಿಕ್ ಅಪ್ ಆನ್' ಅಂದರೆ ಬಾಯಿ ಬಿಟ್ಟು ಹೇಳದಿದ್ದರೂ ಗಮನಿಸೋದು. ಮನೆಗೆ ಬಂದ ನೆಂಟರಿಗೆ ಬೇಜಾರಾಗಿದೆ, ಹೇಳ್ತಾ ಇಲ್ಲ, ಅತ್ತೆಗೆ ಮುಖ ನೋಡಿದ ಕೂಡಲೇ ಗೊತ್ತಾಯ್ತು. "ಶಿ ಪಿಕ್ಡ್ ಅಪ್ ಆನ್ ಇಟ್." 'ಪಿಕ್ ಅಪ್ ಆಫ್ಟರ್' ಅಂದರೆ ಇನ್ನೊಬ್ಬರು ಹರಡಿದ್ದನ್ನು ಅವರ ಹಿಂದೆಯೇ ಎತ್ತಿಡೋದು. ಮಕ್ಕಳಿರುವ ಮನೆಯಲ್ಲಿ ಅಮ್ಮಂದಿರು ಬೆಳಗ್ಗೆಯಿಂದ ರಾತ್ರಿವರೆಗೆ ಮಾಡೋದು ಇದನ್ನೇ, ಸಂಬಳ ಮಾತ್ರ ಇಲ್ಲ. 'ಪಿಕ್ ಯುವರ್‌ಸೆಲ್ಫ್ ಅಪ್' ಅಂದರೆ ಬಿದ್ದವನು ತಾನೇ ಎದ್ದು ನಿಲ್ಲೋದು. ಬಸ್ಸಿಂದ ಜಾರಿ ಬಿದ್ದವನಿಗೂ ಸರಿ, ಪರೀಕ್ಷೆಯಲ್ಲಿ ಫೇಲಾದವನಿಗೂ ಸರಿ.

ಬಾಲದ ವಿಷಯ ಇಷ್ಟು ಸಾಕು.

ಹೆಜ್ಜೆ 5: 'ಇಟ್' ಎಲ್ಲಿ ಕೂರಬೇಕು?

ಅರ್ಥ ಗೊತ್ತಿದ್ದೂ ವಾಕ್ಯ ಕಟ್ಟುವಾಗ ಎಡವೋದು ಇಲ್ಲಿ. 'ಪಿಕ್ ಅಪ್ ದ ಬ್ಯಾಗ್' ಸರಿ. 'ಪಿಕ್ ದ ಬ್ಯಾಗ್ ಅಪ್' ಕೂಡ ಸರಿ. ಆದರೆ ಬ್ಯಾಗ್ ಬದಲು 'ಇಟ್' ಬಂದರೆ ಅದು ನಡುವೆಯೇ ಕೂರಬೇಕು: 'ಪಿಕ್ ಇಟ್ ಅಪ್'. 'ಪಿಕ್ ಅಪ್ ಇಟ್' ತಪ್ಪು. ಮಿ, ಯೂ, ಹಿಮ್, ಹರ್, ದೆಮ್ ಎಲ್ಲಕ್ಕೂ ಇದೇ ನಿಯಮ. "ಐ ವಿಲ್ ಪಿಕ್ ಅಪ್ ಯೂ" ಅಂತ ನಮ್ಮ ಕಡೆ ತುಂಬಾ ಜನ ಹೇಳ್ತಾರೆ, ಕೇಳಿದವರಿಗೆ ಅರ್ಥವೂ ಆಗುತ್ತೆ, ಆದರೆ ಇಂಗ್ಲಿಷ್ ಬಲ್ಲವರ ಕಿವಿಗೆ ತಕ್ಷಣ ಚುಚ್ಚುತ್ತೆ. ಉಲ್ಟಾ ಕಡೆಯೂ ಒಂದು ಮಿತಿ ಇದೆ. ಉದ್ದದ ಪದಗುಚ್ಛವನ್ನು ನಡುವೆ ತುರುಕಬೇಡಿ. 'ನಿನ್ನೆ ಹರಿಹರದ ಅಂಗಡಿಯಲ್ಲಿ ಬಿಟ್ಟು ಬಂದ ನೀಲಿ ಬ್ಯಾಗು' ಅಂತ ಅಷ್ಟುದ್ದ ಹೇಳೋದಾದರೆ, ಮೊದಲು 'ಪಿಕ್ ಅಪ್' ಮುಗಿಸಿ ಆಮೇಲೆ ಬ್ಯಾಗಿನ ಕಥೆ ಹೇಳಿ.

ಬಾಲ ಇದ್ದಾಗ ಈ ನಿಯಮ ಬದಲಾಗುತ್ತೆ. 'ಪಿಕ್ ಅಪ್ ಆನ್ ಇಟ್', 'ಪಿಕ್ ಅಪ್ ಆಫ್ಟರ್ ದೆಮ್' ಅಂತ ಕೊನೆಯಲ್ಲೇ ಬರುತ್ತೆ. ಆ 'ಇಟ್' ಸೇರೋದು 'ಆನ್' ಜೊತೆಗೆ, 'ಅಪ್' ಜೊತೆಗಲ್ಲ.

ಉಚ್ಚಾರಣೆಯನ್ನೂ ಇಲ್ಲೇ ಸರಿ ಮಾಡಿಕೊಳ್ಳಿ. ಕ್ರಿಯೆ ಆಗಿದ್ದಾಗ ಒತ್ತು 'ಅಪ್' ಮೇಲೆ ಬೀಳುತ್ತೆ, ಬರೆಯೋದು ಎರಡು ಪದವಾಗಿ. ಪಿಕಪ್ ಗಾಡಿ ಅನ್ನುವಾಗಿನ ಹಾಗೆ ಹೆಸರು ಆಗಿದ್ದಾಗ ಒತ್ತು 'ಪಿಕ್' ಮೇಲೆ, ಬರೆಯೋದು ಸಾಮಾನ್ಯವಾಗಿ ಒಂದೇ ಪದ. ಎಲೆಕ್ಟ್ರಿಕ್ ಗಿಟಾರಿನ ತಂತಿ ಕೆಳಗೆ ನಾದ ಹಿಡಿಯೋಕೆ ಕೂರಿಸಿರುವ, ಅಯಸ್ಕಾಂತಕ್ಕೆ ತಂತಿ ಸುತ್ತಿದ ಸಾಧನಕ್ಕೂ ಪಿಕಪ್ ಅಂತಲೇ ಹೆಸರು. ಆಗಿಹೋದದ್ದನ್ನು ಹೇಳುವಾಗ 'ಪಿಕ್‌ಅಪ್ಡ್' ಅನ್ನಬೇಡಿ, ಕಾಲ ಬದಲಾಗೋದು 'ಪಿಕ್' ಮಾತ್ರ. ಬರೆಯೋದು 'ಪಿಕ್ಡ್ ಅಪ್' ಅಂತಾದರೂ, ವೇಗವಾಗಿ ಆಡುವಾಗ ಅದು 'ಪಿಕ್ಟಪ್' ಅಂತ ಕೇಳಿಸುತ್ತೆ. ಇದು ಗೊತ್ತಿಲ್ಲದಿದ್ದರೆ ಫೋನಿನಲ್ಲಿ ಎದುರಿನವರು ಏನಂದರು ಅಂತಲೇ ತಿಳಿಯಲ್ಲ.

ಹೆಜ್ಜೆ 6: ಡಿಕ್ಷನರಿ ತೆಗೆಯಿರಿ, ಆದರೆ ಕೊನೆಗೆ

ಮೊದಲು ಊಹೆ ಮಾಡಿ, ಆಮೇಲೆ ಡಿಕ್ಷನರಿಯಲ್ಲಿ ತಾಳೆ ನೋಡಿ. ಇಂಗ್ಲಿಷ್-ಕನ್ನಡ ಡಿಕ್ಷನರಿಗಿಂತ, ಇಂಗ್ಲಿಷ್ ಕಲಿಯುವವರಿಗಂತಲೇ ಮಾಡಿದ ಡಿಕ್ಷನರಿಗಳು ಈ ಕೆಲಸಕ್ಕೆ ಚೆನ್ನ, ಅವು ಆನ್‌ಲೈನಿನಲ್ಲಿ ಪುಕ್ಕಟೆ ಸಿಗುತ್ತವೆ. ಹುಡುಕಬೇಕಾದ್ದು 'ಪಿಕ್ ಅಪ್' ಅಂತ ಎರಡೂ ಪದ ಹಾಕಿ. ನಡುವೆ 'ಸಮ್‌ಥಿಂಗ್' ಅಥವಾ 'ಸಮ್‌ಬಡಿ' ಅಂತ ಬರೆದಿದ್ದರೆ, ಆ ಅರ್ಥಕ್ಕೆ 'ಏನನ್ನು, ಯಾರನ್ನು' ಬೇಕೇಬೇಕು ಅಂತ. ಕೆಲವು ಡಿಕ್ಷನರಿಗಳಲ್ಲಿ ಎರಡು ಕಡೆ ಮೊನೆ ಇರುವ ಬಾಣದ ಗುರುತು ಇರುತ್ತೆ, ಅದು ವಸ್ತುವಿನ ಹೆಸರು 'ಅಪ್'ನ ಆಚೆ ಈಚೆ ಎರಡೂ ಕಡೆ ಕೂರಬಹುದು ಅಂತ ಹೇಳೋದು. ಅರ್ಥ ಓದಿ ಮುಚ್ಚಬೇಡಿ. ಕೆಳಗಿನ ಉದಾಹರಣೆ ವಾಕ್ಯವನ್ನು ಓದಿ, ಅದನ್ನೇ ನಿಮ್ಮ ಮನೆಯ, ನಿಮ್ಮ ಬೀದಿಯ ವಾಕ್ಯವಾಗಿ ಬದಲಿಸಿ ಬರೆಯಿರಿ. ಲಂಡನ್ನಿನ ಟ್ಯೂಬ್ (ನೆಲದಡಿಯ ರೈಲು) ಸ್ಟೇಷನ್ ಮರೆತುಹೋಗುತ್ತೆ, ನಮ್ಮ ದಾವಣಗೆರೆಯ ಜಯದೇವ ಸರ್ಕಲ್ ಮರೆಯಲ್ಲ.

'ಪಿಕ್ ಔಟ್' ಅಂದರೆ ಗುಂಪಿನೊಳಗೆ ಗುರುತಿಸಿ ತೆಗೆಯೋದು, 'ಪಿಕ್ ಆನ್' ಅಂದರೆ ಒಬ್ಬನನ್ನೇ ಗುರಿ ಮಾಡಿ ಕಾಡೋದು. ಇವು ಬೇರೆ ಸಂಸಾರ, ಈಗ ಇಲ್ಲಿಗೆ ಎಳೆದುಕೊಂಡು ಬರಬೇಡಿ. ಜಗಳ ತೆಗೆಯೋದಕ್ಕೆ 'ಪಿಕ್ ಎ ಫೈಟ್', ಅಲ್ಲಿ 'ಅಪ್' ಸೇರಿಸಬಾರದು.

ಹೆಜ್ಜೆ 7: ಒಂದು ಕೈ ನೋಡಿ

ಕೆಳಗಿನ ಮಾತುಗಳನ್ನು ಓದಿ, ಮುಂದಿನ ಪ್ಯಾರಾ ನೋಡದೆ ಅರ್ಥ ಹೇಳಿ.

"ಐ ಪಿಕ್ಡ್ ಅಪ್ ಎ ಕೋಲ್ಡ್ ಇನ್ ಬೆಂಗಳೂರು. ಮೈ ಬ್ರದರ್ ಪಿಕ್ಡ್ ಮಿ ಅಪ್ ಅಟ್ ದ ಸ್ಟೇಷನ್. ವಿ ಪಿಕ್ಡ್ ಅಪ್ ಸಮ್ ಟ್ಯಾಬ್ಲೆಟ್ಸ್ ಆನ್ ದ ವೇ. ಹಿ ಸೆಡ್ ಬಿಸಿನೆಸ್ ಹ್ಯಾಡ್ ಪಿಕ್ಡ್ ಅಪ್, ಸೋ ಹಿ ಪಿಕ್ಡ್ ಅಪ್ ದ ಬಿಲ್. ಐ ಕಾಲ್ಡ್ ಅಮ್ಮ, ಬಟ್ ಶಿ ಡಿಡಂಟ್ ಪಿಕ್ ಅಪ್. ಅಟ್ ಹೋಮ್ ಐ ಸೆಡ್ ಐ ವಾಸ್ ಫೈನ್, ಬಟ್ ಅಮ್ಮ ಪಿಕ್ಡ್ ಅಪ್ ಆನ್ ಮೈ ವಾಯ್ಸ್."

ಮೊದಲನೆಯದು ಅಂಟಿದ ನೆಗಡಿ, ಎರಡನೆಯದು ಗಾಡಿಯಲ್ಲಿ ಕರ್ಕೊಂಡು ಹೋದದ್ದು, ಮೂರನೆಯದು ದಾರೀಲಿ ತಗೊಂಡ ಮಾತ್ರೆ. ನಾಲ್ಕನೆಯದರಲ್ಲಿ 'ಏನನ್ನು' ಅಂದರೆ ಉತ್ತರ ಇಲ್ಲ, ಆದ್ದರಿಂದ ವ್ಯಾಪಾರ ಚೇತರಿಸಿಕೊಂಡದ್ದು. ಅಂದರೆ ತಮ್ಮನ ಅಂಗಡಿ ಮೊದಲು ಡಲ್ ಇತ್ತು ಅನ್ನೋದೂ ಗೊತ್ತಾಯಿತು. ಐದನೆಯದು ಅವನೇ ದುಡ್ಡು ಕೊಟ್ಟದ್ದು. 'ತಮ್ಮ' ಅಂದದ್ದಕ್ಕೆ 'ಅಣ್ಣ ಯಾಕಾಗಬಾರದು?' ಅಂತ ಕೇಳಿದರೆ ನೀವು ಹೇಳೋದೂ ಸರಿಯೇ, ಇಂಗ್ಲಿಷಿನ 'ಬ್ರದರ್' ಅದನ್ನು ಹೇಳಲ್ಲ. ಆರನೆಯದರಲ್ಲೂ 'ಏನನ್ನು' ಇಲ್ಲ, ಆದರೆ ಹಿಂದೆ 'ಕಾಲ್ಡ್' ಇದೆ, ಅದಕ್ಕೇ ಅದು ಫೋನು. ಏಳನೆಯದಕ್ಕೆ 'ಆನ್' ಬಾಲ ಇದೆ: ಚೆನ್ನಾಗಿದ್ದೀನಿ ಅಂದರೂ ದನಿ ಕೇಳಿಯೇ ಅಮ್ಮನಿಗೆ ಗೊತ್ತಾಯಿತು. ಇದನ್ನು ಫೋನ್ ಎತ್ತಿದರು ಅಂತ ಓದಿದವರು ನಾಲ್ಕನೇ ಹೆಜ್ಜೆಗೆ ಇನ್ನೊಂದು ಸಲ ಹೋಗಿ ಬನ್ನಿ.